ಗದ್ದೆಯಂಚು, ಕಾಡು, ನಾಲೆ ಏರಿ: ನಮ್ಮೂರಿನ ನಡಿಗೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ ಬಂದರೆ ಒಂದು ಸುತ್ತು, ಬೇಸಿಗೆ ರಜೆ ಬಂದರೆ ಇನ್ನೊಂದು ಸುತ್ತು ನಮ್ಮ ಮನೆಗೆ ಫೋನು ಬರುತ್ತದೆ. ಬೆಂಗಳೂರಿನ ನೆಂಟರು, ನೆಂಟರ ಸ್ನೇಹಿತರು, ಆ ಸ್ನೇಹಿತರ ಕಚೇರಿಯವರು ಎಲ್ಲರೂ ಕೇಳುವುದು ಒಂದೇ: "ನಿಮ್ಮೂರಲ್ಲಿ ಗದ್ದೆ, ಕಾಡು, ನಾಲೆ ಸುತ್ತಿ ಬರುವ ದಾರಿ ಇದೆಯಂತಲ್ಲ?" ಹೇಳಿ ಹೇಳಿ ಬಾಯಿ ಸೋತಿದೆ. ಆದ್ದರಿಂದ ಬರೆದಿಟ್ಟಿದ್ದೇನೆ. ಓದಿಕೊಂಡು ಬಂದರೆ ನನಗೂ ನೆಮ್ಮದಿ, ಗದ್ದೆಯವರಿಗೂ ನೆಮ್ಮದಿ.

ಈ ದಾರಿ ಎಲ್ಲಿದೆ?

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಸುಮಾರು 12 ಕಿಲೋಮೀಟರಿಗೆ ಗಾಜನೂರು. ಅಲ್ಲಿ ತುಂಗೆಗೆ ಕಟ್ಟಿರುವ ಅಣೆಕಟ್ಟಿನಿಂದ ನಾಲೆಗಳು ಹೊರಡುತ್ತವೆ. ಆ ನಾಲೆಯೊಂದರ ಪಕ್ಕದ ಊರು ನಮ್ಮದು. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಮ್ಮೆ ಯಾರೋ ಮೊಬೈಲಿನಲ್ಲಿ ವಿಡಿಯೊ ಹಾಕಿದ್ದಕ್ಕೆ ಮುಂದಿನ ಭಾನುವಾರ ಹನ್ನೊಂದು ಕಾರುಗಳು ಬಂದಿದ್ದವು. ಒಂದರಲ್ಲಿ ಧ್ವನಿವರ್ಧಕವೂ ಇತ್ತು. ಆ ದಿನ ಹೆದರಿ ಹಗ್ಗ ಕಿತ್ತುಕೊಂಡು ಓಡಿದ ಎಮ್ಮೆಯನ್ನು ಹುಡುಕಲು ನಾನೂ ಹೋಗಿದ್ದೆ. ಬೇಕಾದವರು ನನ್ನನ್ನು ಕೇಳಿ, ಹೇಳುತ್ತೇನೆ. ಅಷ್ಟಕ್ಕೂ ತುಂಗಾ, ಭದ್ರಾ ನಾಲೆಗಳ ಉದ್ದಕ್ಕೂ ಇಂಥ ದಾರಿಗಳು ಬೇಕಾದಷ್ಟಿವೆ. ಕೆಳಗೆ ಬರೆದಿರುವುದರಲ್ಲಿ ಹೆಚ್ಚಿನದು ಅಲ್ಲಿಗೂ ಹೊಂದುತ್ತದೆ.

ಎಷ್ಟು ದೂರ? ಎಷ್ಟು ಹೊತ್ತು ಬೇಕು?

ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಮ್ಮೂರಿನವರಿಗೆ ಒಂದು ಗಂಟೆ. ಫೋಟೊ ತೆಗೆಯುವವರಿಗೆ ಮೂರು.

ದಾರಿ ಹೇಗೆ ಸಾಗುತ್ತದೆ?

ಅರಳಿಕಟ್ಟೆಯಿಂದ ಹೊರಟು ಗದ್ದೆಯಂಚಿಗೆ ಇಳಿಯಬೇಕು. ಗದ್ದೆ ಬಯಲನ್ನು ಅಡ್ಡ ದಾಟಿದರೆ ಒಂದು ಹಳ್ಳ. ಹಳ್ಳಕ್ಕೆ ಕಾಲುಸಂಕ ಇದೆ: ಮೊದಲು ಅಡಿಕೆ ಮರದ ದಬ್ಬೆಗಳನ್ನು ಕಟ್ಟಿ ಮಾಡಿದ್ದು, ಈಗ ಎರಡು ಸಿಮೆಂಟ್ ಕಂಬ. ಅದರಾಚೆ ಅಡಿಕೆ ತೋಟದ ಬೇಲಿ ಬದಿಯಲ್ಲಿ ಏರುತ್ತ ಹೋದರೆ ನಾಲೆ ಎದುರಾಗುತ್ತದೆ. ಸೇತುವೆ ದಾಟಿ ಕಾಡಿಗೆ ಹೊಕ್ಕು, ಗಾಡಿ ದಾರಿಯಲ್ಲಿ ಅರ್ಧ ಸುತ್ತು ಬಳಸಿ, ಮುಂದಿನ ಸೇತುವೆಯ ಹತ್ತಿರ ಮತ್ತೆ ನಾಲೆಗೆ ಇಳಿಯಬೇಕು. ಅಲ್ಲಿಂದ ಊರಿನವರೆಗೂ ಏರಿಯ ಮೇಲೆ ನಡಿಗೆ. ದಿಕ್ಕು ತಪ್ಪಿದರೆ ನಾಲೆಯನ್ನು ಹುಡುಕಿ, ನೀರು ಹರಿಯುವ ಕಡೆಗೇ ನಡೆಯಿರಿ. ಊರು ಸಿಗುತ್ತದೆ.

ನಾಲೆಯ ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಗದ್ದೆ. ಇದೇನು ಯಾರಾದರೂ ಗೆರೆ ಎಳೆದಂತಿದೆಯಲ್ಲ?

ಗೆರೆ ಎಳೆದದ್ದೇ. ನಾನು ಕಾಯುವ ಪ್ರಶ್ನೆ ಇದು, ಹತ್ತರಲ್ಲಿ ಒಬ್ಬರು ಕೇಳುತ್ತಾರೆ.

ನೀರು ತಾನಾಗಿ ಮೇಲಕ್ಕೆ ಹತ್ತುವುದಿಲ್ಲ. ಅಣೆಕಟ್ಟಿನಲ್ಲಿ ಸಿಕ್ಕಿದ ಎತ್ತರವನ್ನು ಆದಷ್ಟು ಕಳೆದುಕೊಳ್ಳದೆ ದೂರದ ಊರಿಗೆ ನೀರು ಮುಟ್ಟಿಸಬೇಕಾದರೆ ನಾಲೆಯನ್ನು ನೇರವಾಗಿ ಅಗೆಯುವಂತಿಲ್ಲ. ನೇರ ಹೋದರೆ ಒಂದು ಕಡೆ ಗುಡ್ಡಕ್ಕೆ ಡಿಕ್ಕಿ, ಇನ್ನೊಂದು ಕಡೆ ಕಣಿವೆಗೆ ಪಾತಾಳ. ಹಾಗಾಗಿ ಅದು ಗುಡ್ಡದ ಬುಡವನ್ನು ಬಳಸಿ, ಒಂದೇ ಮಟ್ಟವನ್ನು ಹಿಡಿದು, ಕಣ್ಣಿಗೆ ಕಾಣದಷ್ಟು ಇಳಿಯುತ್ತ ಹೋಗುತ್ತದೆ. ಹಾವಿನಂತೆ ಸುತ್ತುವುದು ಅದಕ್ಕೆ. ಈ ಮಟ್ಟದಿಂದ ಕೆಳಗಿರುವ ಜಮೀನಿಗೆ ತೂಬು ತೆರೆದರೆ ನೀರು. ಅದಕ್ಕೆ ಅಚ್ಚುಕಟ್ಟು ಎಂದು ಹೆಸರು. ಮೇಲಿರುವುದಕ್ಕೆ ಆಕಾಶವೇ ಗತಿ. ಅದು ಕಾಡಾಗಿ, ಹಕ್ಕಲಾಗಿ, ಹೆಚ್ಚೆಂದರೆ ಜೋಳದ ಹೊಲವಾಗಿ ಉಳಿಯಿತು. ಎರಡರ ನಡುವೆ ಇರುವುದು ಒಂದು ಜೀಪು ಓಡುವಷ್ಟು ಏರಿ, ನೀವು ನಡೆಯುವ ದಾರಿ. ನಮ್ಮ ಕಡೆ ಹೆಣ್ಣು ಕೊಡುವಾಗಲೂ "ಜಮೀನು ನಾಲೆ ಮೇಲೋ, ಕೆಳಗೋ" ಎಂದು ಕೇಳುತ್ತಿದ್ದ ಕಾಲವಿತ್ತು.

ಈಗ ಆ ಗೆರೆ ಅಳಿಸುತ್ತಿದೆ. ನಾಲೆಯ ಮೇಲಿನ ಬದಿಗೆ ಅಲ್ಲಲ್ಲಿ ಕಪ್ಪು ಪೈಪು ಹತ್ತಿ ಹೋಗಿರುವುದು ಕಾಣುತ್ತದೆ. ಮೋಟಾರು ಇಟ್ಟರೆ ನೀರು ಗುಡ್ಡವನ್ನೂ ಹತ್ತುತ್ತದೆ. ನೀರಿನ ಹಿಂದೆಯೇ ಅಡಿಕೆ ಹತ್ತುತ್ತದೆ. ಕೆಳಗಿನ ಬದಿಗೂ ಭತ್ತದ ಗದ್ದೆಯೊಳಗೆ ಕಾಲುವೆ ತೆಗೆದು, ಮಣ್ಣು ಏರಿಸಿ, ಅಡಿಕೆ ಸಸಿ ಇಟ್ಟಿದ್ದಾರೆ. ನಾನು ಚಿಕ್ಕವನಿದ್ದಾಗ ಎರಡನೆಯ ಸೇತುವೆಯ ಮೇಲೆ ನಿಂತರೆ ಪಕ್ಕದ ಊರಿನ ದೇವಸ್ಥಾನದ ಕಳಸದವರೆಗೂ ಹಸಿರು ಬಯಲು. ಈಗ ಕಾಣುವುದು ಅಡಿಕೆಯ ಗೋಡೆ. ಬೆಳೆದವರನ್ನು ದೂರುವುದಿಲ್ಲ. ಭತ್ತದಲ್ಲಿ ಕೂಲಿ ಕಳೆದು ಉಳಿಯುವುದೇನೆಂದು ಬೆಳೆದವರಿಗೇ ಗೊತ್ತು. ನಾನೂ ಒಂದು ಎಕರೆಗೆ ಅಡಿಕೆ ಹಾಕಿದ್ದೇನೆ.

ನಾಲೆಯಲ್ಲಿ ವರ್ಷವಿಡೀ ನೀರು ಇರುತ್ತದೆಯೇ?

ಇಲ್ಲ. ಹೊಳೆಯ ಹಾಗೆ ಬಂದಾಗ ಬರುವುದಲ್ಲ ಇದು. ಬಿಟ್ಟಾಗ ಬರುತ್ತದೆ, ನಿಲ್ಲಿಸಿದಾಗ ನಿಲ್ಲುತ್ತದೆ. ಮಳೆಗಾಲದ ಬೆಳೆಗೆ ಒಂದು ಸಲ, ಅಣೆಕಟ್ಟಿನಲ್ಲಿ ಉಳಿದಿದ್ದರೆ ಬೇಸಿಗೆ ಬೆಳೆಗೆ ಇನ್ನೊಂದು ಸಲ. ನಡುವೆ ಹೂಳು ತೆಗೆಯಲು, ಒಡೆದ ಕಡೆ ಕಟ್ಟಲು ಬಂದ್ ಮಾಡುತ್ತಾರೆ.

ತುಂಗಾ ನಾಲೆಗೂ ಭದ್ರಾ ನಾಲೆಗೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 186 ಅಡಿಗೆ ತುಂಬಿದರೆ 71.5 ಟಿಎಂಸಿ ನೀರು. ಗಾಜನೂರಿನ ತುಂಗಾ ಅಣೆಕಟ್ಟು ಪೂರ್ತಿ ತುಂಬಿದರೂ 3.24 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಭದ್ರಾ ಕಣಜ, ತುಂಗಾ ಕೊಳಗ. ಕೊಳಗ ಬೇಗ ತುಂಬುತ್ತದೆ: ಶೃಂಗೇರಿ ಕಡೆ ನಾಲ್ಕು ದಿನ ಮಳೆ ಹೊಡೆದರೆ ಗಾಜನೂರಿನ ಗೇಟು ಎತ್ತಬೇಕಾಗುತ್ತದೆ. ಜಿಲ್ಲೆಯ ಪತ್ರಿಕೆಗಳಲ್ಲಿ ಪ್ರತಿ ಮುಂಗಾರಿನಲ್ಲಿ ಅದರದೇ ಫೋಟೊ ಮೊದಲು. ಆದರೆ ಬೇಸಿಗೆಗೆ ಅಷ್ಟೇ ಬೇಗ ಬರಿದಾಗುತ್ತದೆ. ಶಿವಮೊಗ್ಗದವರು ಕುಡಿಯುವುದೂ ಇದೇ ಹೊಳೆಯ ನೀರನ್ನು. ಭದ್ರಾ ಭಾಗದಲ್ಲಿ ಯಾವ ದಿನದಿಂದ ಎಷ್ಟು ದಿನ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ತೀರ್ಮಾನಿಸುತ್ತಾರೆ. ದಾವಣಗೆರೆ ಕಡೆಯ ಕೊನೆ ಭಾಗದ ರೈತರಿಗೆ ಆ ಸಭೆ ಮದುವೆ ಮುಹೂರ್ತಕ್ಕಿಂತ ಮುಖ್ಯ.

ನೀರಿಲ್ಲದ ನಾಲೆಯೂ ನೋಡುವಂಥದ್ದೇ. ತಳದ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನಿಗೆ ಬೆಳ್ಳಕ್ಕಿಗಳು ಸಾಲುಗಟ್ಟಿರುತ್ತವೆ. ಜೊತೆಗೆ ಒಂಟಿ ಚಪ್ಪಲಿಗಳು, ಗಣಪತಿ ಕೂರಿಸಿದ್ದ ಹಲಗೆ, ಗಾಜೊಡೆದ ದೇವರ ಫೋಟೊಗಳು. ಹಳೆಯ ದೇವರನ್ನು ಹರಿಯುವ ನೀರಿಗೆ ಬಿಡಬೇಕೆಂದು ಜನ ತಂದು ಹಾಕುತ್ತಾರೆ. ನೀರು ನಿಂತಾಗ ವೆಂಕಟರಮಣನೂ ಲಕ್ಷ್ಮಿಯೂ ಕೆಸರಿನಲ್ಲಿ ಬಿಸಿಲು ಕಾಯುತ್ತಿರುತ್ತಾರೆ.

ಯಾವ ತಿಂಗಳು ಬಂದರೆ ಒಳ್ಳೆಯದು?

ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ಮಳೆ ಹಿಂದೆ ಸರಿದಿರುತ್ತದೆ, ಅಂಚು ಗಟ್ಟಿಯಾಗಿರುತ್ತದೆ, ಪೈರು ತೆನೆ ಬಾಗಿಸಿರುತ್ತದೆ. ಅದಕ್ಕೂ ಮುಂಚೆ, ಭೂಮಿ ಹುಣ್ಣಿಮೆಯ ಹೊತ್ತಿಗೆ, ಪೈರು ಹೊಡೆ ತುಂಬಿ ನಿಂತಿರುತ್ತದೆ. ಭೂಮಿ ಬಸುರಿ ಎಂದು ನಂಬಿಕೆ. ಬಸುರಿಗೆ ಬಯಕೆ ಬಡಿಸಬೇಕಲ್ಲ? ರಾತ್ರಿಯೆಲ್ಲ ಅಡುಗೆ ಮಾಡಿ, ಬೆರಕೆ ಸೊಪ್ಪು ಬೇಯಿಸಿ, ಕತ್ತಲಿರುವಾಗಲೇ ಗದ್ದೆಗೆ ಚರಗ ಬೀರಿ, ಆಮೇಲೆ ಮನೆಮಂದಿಯೆಲ್ಲ ಗದ್ದೆಯಲ್ಲೇ ಕೂತು ಊಟ. ಸಾಗರ, ಸೊರಬದ ಕಡೆ ದೀವರು ಸಮುದಾಯದ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದನ್ನು ಒಯ್ಯುತ್ತಾರೆ. ಆ ಬುಟ್ಟಿಯ ಚಂದವೇ ಬೇರೆ. ಆ ದಿನ ನಡೆಯುತ್ತ ಬಂದು ಯಾರಾದರೂ "ಬನ್ನಿ, ಒಂದು ತುತ್ತು ತಿಂದು ಹೋಗಿ" ಎಂದರೆ ಬೇಡ ಎನ್ನಬೇಡಿ.

ಜುಲೈ, ಆಗಸ್ಟಿನಲ್ಲಿ ನಾಟಿ. ನೋಡಲು ಚೆಂದ, ನಡೆಯಲು ಕಷ್ಟ. ಆರಿದ್ರೆ, ಪುನರ್ವಸು, ಪುಷ್ಯ ಮಳೆಗಳಲ್ಲಿ ಕೊಡೆ ಹಿಡಿದು ಗದ್ದೆಯಂಚಿನಲ್ಲಿ ನಡೆಯುವವರನ್ನು ನೋಡಿದರೆ ನಮ್ಮ ಮಕ್ಕಳು ನಗುತ್ತಾರೆ. ಎರಡು ಕೈಯೂ ಖಾಲಿ ಇರಬೇಕು ಎಂಬುದು ಅವರಿಗೆ ಗೊತ್ತು. ಫೆಬ್ರುವರಿ, ಮಾರ್ಚಿನಲ್ಲಿ ಮುತ್ತುಗದ ಹೂವು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಎಂಟರೊಳಗೆ ಮುಗಿಸಿ.

ಗದ್ದೆಯಂಚಿನ ಮೇಲೆ ನಡೆದರೆ ಯಾರಾದರೂ ಬೈಯುತ್ತಾರೆಯೇ?

ಹೇಗೆ ನಡೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಅಂಚು ಎಂದರೆ ದಾರಿಯಲ್ಲ, ಅದು ನೀರು ಹಿಡಿದಿಡುವ ಗೋಡೆ. ನಾಟಿಗೆ ಮೊದಲು ಅಂಚು ಕಡಿದು, ಏಡಿ ಕೊರೆದ ತೂತು ಮುಚ್ಚಿ, ಹೊಸ ಕೆಸರು ಮೆತ್ತಿ ನುಣ್ಣಗೆ ಮಾಡಿರುತ್ತಾರೆ. ಒಣಗದ ಅಂಚಿನ ಮೇಲೆ ಒಂದು ಹೆಜ್ಜೆ ಇಟ್ಟರೆ ಅಲ್ಲಿ ಕುಸಿತ. ರಾತ್ರಿ ಬೆಳಗಾಗುವುದರೊಳಗೆ ಮೇಲಿನ ಗದ್ದೆಯ ನೀರು, ಹಾಕಿದ್ದ ಗೊಬ್ಬರದ ಸಮೇತ, ಕೆಳಗಿನವರ ಗದ್ದೆಗೆ. ಅದಕ್ಕೇ ಬೈಗುಳ. ಕೆಸರು ಹೊಳೆಯುತ್ತಿದ್ದರೆ ಆ ಅಂಚು ಬಿಟ್ಟು, ಹುಲ್ಲು ಬೆಳೆದಿರುವ ಹಳೆಯ ಅಂಚು ಹಿಡಿಯಿರಿ. ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಎದುರಿಗೆ ತಲೆಯ ಮೇಲೆ ಅಗೆಯ, ಅಂದರೆ ನಾಟಿಯ ಸಸಿಯ, ಕಟ್ಟು ಹೊತ್ತವರು ಬಂದರೆ ಕೆಳಗಿಳಿಯಬೇಕಾದವರು ನೀವು. ಕಾಲಿಗೆ ಕೆಸರಾಗುತ್ತದೆ. ಆಗಲಿ.

ಅಡಿಕೆ ತೋಟದೊಳಗೆ ಬಿದ್ದ ಅಡಿಕೆಯನ್ನು ನೆನಪಿಗೆಂದು ಜೇಬಿಗೆ ಹಾಕಬೇಡಿ. ಉದುರು ಅಡಿಕೆಗೂ ಲೆಕ್ಕವಿದೆ. ಮಳೆಗಾಲದಲ್ಲಿ ಮರದ ಮೇಲಿಂದ ನೀಲಿ ಹನಿ ಬಿದ್ದರೆ ಗಾಬರಿ ಬೇಡ. ಅದು ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೊ, ಮೈಲುತುತ್ತು ಮತ್ತು ಸುಣ್ಣ. ಕಣ್ಣಿಗೆ ಬಿದ್ದರೆ ತೊಳೆದುಕೊಳ್ಳಿ. ಬಿಳಿ ಅಂಗಿಯ ಆಸೆ ಬಿಡಿ.

ಬೇಲಿಯಲ್ಲಿ ದಾರಿ ಮುಚ್ಚಿದಂತೆ ಕಾಣುತ್ತದೆ. ದಾಟಬಹುದೇ?

ಬೇಲಿಯ ನಡುವೆ ಮನುಷ್ಯ ಕಾಲೆತ್ತಿ ದಾಟುವಷ್ಟು ಎತ್ತರಕ್ಕೆ ಕವೆಯಂತೆ ಬಿಟ್ಟ ಜಾಗ ತಡಮೆ. ದನ ದಾಟುವುದಿಲ್ಲ, ನಾವು ದಾಟುತ್ತೇವೆ. ಎರಡು ಕಂಬಗಳ ತೂತಿಗೆ ಅಡ್ಡಡ್ಡ ಬಿದಿರು ತೂರಿಸಿದ್ದರೆ ಅದು ಉಣುಗೋಲು. ಅದನ್ನು ಸರಿಸಿ ಹೋಗಬಹುದು, ಆದರೆ ಸರಿಸಿದ ಪ್ರತಿ ಕೋಲನ್ನೂ ಮತ್ತೆ ಹಾಕಬೇಕು. ಮೂರರಲ್ಲಿ ಎರಡು ಹಾಕಿದರೆ ಸಾಲದು. ಕರು ಎರಡರ ಕೆಳಗೆ ನುಸುಳುತ್ತದೆ.

ತಂತಿ ಬೇಲಿ ಮಾತ್ರ ಮುಟ್ಟಬೇಡಿ. ಸೋಲಾರ್ ತಂತಿಯ ಐಬೆಕ್ಸ್ ಬೇಲಿಯಾದರೆ ಕೈ ಜುಮ್ಮೆಂದು ಹಿಂದೆ ಬರುತ್ತದೆ, ಅಷ್ಟೇ. ಆದರೆ ಹಂದಿ ಕಾಟಕ್ಕೆ ನೇರ ವಿದ್ಯುತ್ ಕೊಟ್ಟು ಜೀವ ಹೋದ ಸುದ್ದಿಗಳನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಅದು ಕಾನೂನುಬಾಹಿರ, ಆದರೂ ಮಾಡುವವರು ಮಾಡುತ್ತಾರೆ. ನೋಡಿದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ.

ನಾಲೆಯಲ್ಲಿ ಈಜಬಹುದೇ? ಕಾಲು ಇಳಿಬಿಟ್ಟು ಕೂರಬಹುದೇ?

ಬೇಡ. ಇದೊಂದಕ್ಕೆ ಉದ್ದ ಉತ್ತರ ಕೊಡುತ್ತೇನೆ, ದಯವಿಟ್ಟು ಓದಿ.

ನಾಲೆ ನೋಡಲು ಸಾಧು. ಅಲೆ ಇಲ್ಲ, ಬಂಡೆ ಇಲ್ಲ, ಸದ್ದಿಲ್ಲ. ನಮ್ಮ ಭಾಗದಲ್ಲಿ ಎರಡೂ ಬದಿಗೆ ಕಾಂಕ್ರೀಟ್ ಹಾಕಿದ್ದಾರೆ. ಆ ಇಳಿಜಾರಿನಲ್ಲಿ, ನೀರು ತಾಗುವ ಮಟ್ಟದಿಂದ ಕೆಳಗೆ, ಎಣ್ಣೆ ಸವರಿದಂತೆ ಪಾಚಿ. ಇಳಿಯುವುದು ಕ್ಷಣದ ಕೆಲಸ. ಹತ್ತಲು ಹಿಡಿಯುವುದಕ್ಕೆ ಬೇರಿಲ್ಲ, ಕಲ್ಲಿಲ್ಲ, ಹುಲ್ಲಿನ ಗರಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಅತ್ತೆಯ ಮೊಮ್ಮಗ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ, ಈಜುಕೊಳದಲ್ಲಿ ಪದಕ ಗೆದ್ದವನು. ಕಾಲು ತೊಳೆಯಲು ಕೂತವನ ಚಪ್ಪಲಿ ಜಾರಿತು. ಚಪ್ಪಲಿ ಹಿಡಿಯಲು ಬಾಗಿದ, ಅವನೂ ಜಾರಿದ. ಮುಳುಗಲಿಲ್ಲ, ಚೆನ್ನಾಗಿಯೇ ಈಜುತ್ತಿದ್ದ. ಆದರೆ ದಡಕ್ಕೆ ಬಂದು ಕೈ ಇಟ್ಟಾಗಲೆಲ್ಲ ಜಾರಿ ಮತ್ತೆ ನೀರಿಗೆ. ನಾನು ಏರಿಯ ಮೇಲೆ ಅವನ ಪಕ್ಕದಲ್ಲೇ ಓಡುತ್ತಿದ್ದೆ, ಮಾತನಾಡಿಸುವಷ್ಟು ಹತ್ತಿರ, ಆದರೂ ಏನೂ ಮಾಡಲಾಗದೆ. ಮುಂದೆ ರಸ್ತೆಯ ಅಡಿಯಲ್ಲಿ ನಾಲೆ ತೂರಿ ಹೋಗುವ ಜಾಗವಿತ್ತು. ಅಲ್ಲಿಗೆ ಸಿಕ್ಕಿದ್ದರೆ ಕಥೆ ಬೇರೆ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಪಕ್ಕದ ಮನೆಯ ಅಜ್ಜ ಒಂದೇ ನೋಟಕ್ಕೆ ಉಟ್ಟ ಪಂಚೆ ಬಿಚ್ಚಿ, ನನ್ನ ಪಂಚೆಯನ್ನೂ ಕೇಳಿ ಪಡೆದು, ಎರಡಕ್ಕೂ ಗಂಟು ಹಾಕಿ ಎಸೆದರು. ಚಡ್ಡಿಯಲ್ಲಿ ನಿಂತ ನಾವಿಬ್ಬರೂ ಎಳೆದೆವು. ಹುಡುಗ ಮೇಲೆ ಬಂದು ಕೆಮ್ಮುತ್ತ ಕೂತ. ಅಜ್ಜ ಪಂಚೆ ಹಿಂಡುತ್ತ ಹೇಳಿದ್ದು ಇಷ್ಟೇ: "ಹೊಳೆ ದಡ ಕೊಡುತ್ತದೆ ತಮ್ಮಾ, ನಾಲೆ ಕೊಡುವುದಿಲ್ಲ."

ಬಟ್ಟೆ ಒಗೆಯಲು, ದನ ತೊಳೆಯಲು ಕೆಲವು ಕಡೆ ಮೆಟ್ಟಿಲು ಕಟ್ಟಿದ್ದಾರೆ. ಕಾಲು ನೆನೆಸಲೇಬೇಕಿದ್ದರೆ ಅಲ್ಲಿ, ಕೊನೆಯ ಒಣ ಮೆಟ್ಟಿಲ ಮೇಲೆ. ತೂಬಿನ ಬಾಯಿಯ ಹತ್ತಿರ ಬೇಡ, ಅಲ್ಲಿ ಸೆಳೆತ ಮೇಲೆ ಕಾಣುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆ ಹಾರಬೇಡಿ. ಸೀರೆ, ಪಂಚೆ, ಹಗ್ಗ, ಉದ್ದನೆಯ ಬಿದಿರು ಏನಾದರೂ ಎಸೆಯಿರಿ, ಬಿದ್ದವರಿಗಿಂತ ಮುಂದಕ್ಕೆ ಓಡಿ ಎಸೆಯಿರಿ.

ನಾಲೆಯ ನೀರು ಕುಡಿಯಬಹುದೇ? ತುಂಗಾ ಪಾನ ಎನ್ನುತ್ತಾರಲ್ಲ?

"ತುಂಗಾ ಪಾನ, ಗಂಗಾ ಸ್ನಾನ" ಎಂದು ಗಾದೆ ಕಟ್ಟಿದವರ ಕಾಲಕ್ಕೆ ನಾಲೆಯಲ್ಲಿ ಎಮ್ಮೆ ತೊಳೆಯುತ್ತಿರಲಿಲ್ಲ. ಮನೆಯಿಂದ ಬಾಟಲಿ ತುಂಬಿಸಿಕೊಂಡು ಹೊರಡಿ.

ಕಾಡಿನ ಭಾಗದಲ್ಲಿ ನೋಡುವಂಥದ್ದು ಏನಿದೆ?

ಆಗುಂಬೆಯ ಕಾಡನ್ನು ನಿರೀಕ್ಷಿಸಿ ಬಂದರೆ ನಿರಾಸೆಯಾದೀತು. ಇದು ಮಲೆನಾಡಿನ ಹೆಬ್ಬಾಗಿಲು, ಒಳಮನೆಯಲ್ಲ. ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನಂತೆ ಒಡೆದಿರುತ್ತದೆ. ಬೇಸಿಗೆಯಲ್ಲಿ ಅದರ ಕಾಂಡದೊಳಗೆ ನೀರು ಶೇಖರವಾಗಿರುವುದುಂಟು. ಹೊನ್ನೆಗೆ ಗಾಯವಾದರೆ ರಕ್ತದಂಥ ಅಂಟು ಒಸರುತ್ತದೆ. ನಂದಿ ಮರದ್ದು ನುಣುಪು ಮೈ, ಕತ್ತಲಲ್ಲಿ ಯಾರೋ ನಿಂತಂತೆ. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ, ಮೊಬೈಲು ಜೇಬಿಗೆ ಹೋಗುತ್ತದೆ. ಬೇಸಿಗೆಯಲ್ಲಾದರೆ ಕೌಳಿ ಹಣ್ಣು, ನೇರಳೆ ಹಣ್ಣು.

ಗಾಡಿ ದಾರಿಯ ತಿರುವಿನಾಚೆ ಸಾಲು ಹಿಡಿದು ನೆಟ್ಟ ಅಕೇಶಿಯಾ ಸಿಗುತ್ತದೆ. ಅಲ್ಲಿ ಹಕ್ಕಿಯ ದನಿ ಇದ್ದಕ್ಕಿದ್ದಂತೆ ಕಡಿಮೆಯಾಗುವುದನ್ನು ಕಿವಿಗೊಟ್ಟು ಕೇಳಿ. ಕೆಳಗೆ ಒಣ ಎಲೆಯ ದಪ್ಪ ಹಾಸು, ಅದರಡಿಯಲ್ಲಿ ಹುಲ್ಲು ಹುಟ್ಟುವುದಿಲ್ಲ. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸುಮಾರು 33 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷಕ್ಕೆ ಗುತ್ತಿಗೆ ಕೊಟ್ಟ ಮೇಲೆ ಜಿಲ್ಲೆಯ ಉದ್ದಗಲಕ್ಕೂ ನೀಲಗಿರಿ, ಅಕೇಶಿಯಾ ಹಬ್ಬಿದವು. ಗುತ್ತಿಗೆ ಮುಗಿಯುವ ಹೊತ್ತಿಗೆ "ಅಕೇಶಿಯಾ ಬೇಡ" ಎಂದು ಮಲೆನಾಡಿನಲ್ಲಿ ಚಳವಳಿಯೇ ನಡೆಯಿತು. ನಮ್ಮ ದಾರಿಯ ಈ ಸಾಲು ಚಿಕ್ಕದು, ಐದು ನಿಮಿಷದಲ್ಲಿ ದಾಟುತ್ತೀರಿ. ಆದರೂ ದಾಟಿ ಮತ್ತೆ ಮತ್ತಿ ಮರದ ಕೆಳಗೆ ಬಂದಾಗ ಉಸಿರು ಸಡಿಲವಾಗುತ್ತದೆ.

ಆನೆ ಬರುತ್ತದೆಯೇ?

ಹತ್ತಿರದಲ್ಲೇ ಶೆಟ್ಟಿಹಳ್ಳಿ ವನ್ಯಜೀವಿ ಅಭಯಾರಣ್ಯ. ಆಚೆಗೆ ಭದ್ರಾ ಕಾಡು. ಬರುತ್ತವೆ. ಹೆಚ್ಚಾಗಿ ಭತ್ತ, ಕಬ್ಬು, ಬಾಳೆಗೆ, ಹೆಚ್ಚಾಗಿ ರಾತ್ರಿ. ಹೊರಡುವ ಮುನ್ನ ಚಹಾ ಅಂಗಡಿಯಲ್ಲಿ ಒಂದು ಮಾತು ಕೇಳಿ. "ನಿನ್ನೆ ಈ ಕಡೆ ಬಂದಿತ್ತು" ಎಂದರೆ ಕಾಡಿನ ಸುತ್ತು ಬಿಟ್ಟು ನಾಲೆ ಏರಿಯಲ್ಲೇ ಹೋಗಿ ಬನ್ನಿ. ಹಸಿ ಲದ್ದಿ ಕಂಡರೆ ಹಿಂದಿರುಗಿ, ಫೋಟೊ ಆಮೇಲೆ. ನಮ್ಮ ಗಾಡಿ ದಾರಿ ಅಭಯಾರಣ್ಯದ ಹೊರಗಿದೆ. ಅರಣ್ಯ ಇಲಾಖೆಯ ಫಲಕ ದಾಟಿ ಒಳಗೆ ಹೋಗಲು ಅನುಮತಿ ಬೇಕು. ಆನೆ ನೋಡಲೇಬೇಕೆಂಬ ಆಸೆಯಿದ್ದರೆ ಬೆಳಗ್ಗೆ ಸಕ್ರೆಬೈಲಿನ ಬಿಡಾರಕ್ಕೆ ಹೋಗಿ. ಅವು ಹಿನ್ನೀರಿನಲ್ಲಿ ಮಲಗಿ ಮಾವುತರಿಂದ ಬೆನ್ನು ಉಜ್ಜಿಸಿಕೊಳ್ಳುತ್ತವೆ.

ಇಂಬಳ? ಉಣುಗು? ಮಂಗನ ಕಾಯಿಲೆ?

ಮೂರನ್ನೂ ಒಟ್ಟಿಗೆ ಕೇಳುತ್ತಾರೆ, ಆದರೆ ಮೂರೂ ಬೇರೆ.

ಇಂಬಳ, ಅಂದರೆ ಜಿಗಣೆ, ಮಳೆಗಾಲದ್ದು. ಕಚ್ಚಿದರೆ ನೋವಿಲ್ಲ, ರಕ್ತ ನಿಲ್ಲುವುದು ತಡ, ಅಪಾಯವೇನಿಲ್ಲ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ನಮ್ಮ ಹಿರಿಯರು ಹೊಗೆಸೊಪ್ಪಿನ ನೀರು ಸವರಿಕೊಳ್ಳುತ್ತಿದ್ದರು.

ಉಣುಗು, ಅಂದರೆ ಉಣ್ಣೆ ಹುಳ, ಒಣ ಕಾಲದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಈ ಕಾಯಿಲೆ ಜಗತ್ತಿಗೆ ಮೊದಲು ಗೊತ್ತಾದದ್ದು ನಮ್ಮ ಜಿಲ್ಲೆಯಲ್ಲೇ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಹೆಸರೇ ಕಾಯಿಲೆಗೂ ಬಂತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಎಳ್ಳಿನ ಕಾಳಿಗಿಂತ ಚಿಕ್ಕ ಮರಿ ಉಣುಗುಗಳು ಒಣ ಎಲೆಯ ಮೇಲೆ ಕಾದಿರುತ್ತವೆ. ಈ ತಿಂಗಳುಗಳಲ್ಲಿ ಬರುವುದಾದರೆ ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಂಚುತ್ತಾರೆ, ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ. ಎಲೆಯ ಹಾಸಿನ ಮೇಲೆ ಕೂರಬೇಡಿ. ಮನೆಗೆ ಬಂದವರೇ ಬಟ್ಟೆ ಬಿಸಿನೀರಿಗೆ, ಮೈ ಸ್ನಾನಕ್ಕೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಊರಿಗೆ ಮರಳಿದ ಮೇಲೆ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ "ಮಲೆನಾಡಿನ ಕಾಡಿಗೆ ಹೋಗಿದ್ದೆ" ಎಂದು ಬಾಯಿಬಿಟ್ಟು ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಬೇಕೆಂದೇನಿಲ್ಲ.

ಹಾವು?

ಇವೆ. ಹೆಚ್ಚು ಕಾಣುವುದು ಕೇರೆ, ಇಲಿ ತಿನ್ನುವ ರೈತನ ನೆಂಟ. ಹೆದರಬೇಕಾದದ್ದು ಕೊಳಕುಮಂಡಲಕ್ಕೆ. ಅದು ಜಾಗ ಬಿಟ್ಟು ಓಡುವುದಿಲ್ಲ, ಒಣ ಎಲೆಯ ಬಣ್ಣದಲ್ಲೇ ಸುರುಳಿ ಸುತ್ತಿ ಬಿದ್ದಿರುತ್ತದೆ. ಕಾಲಿಡುವ ಜಾಗ ನೋಡಿ ಕಾಲಿಡಿ, ಕತ್ತಲಾದರೆ ಟಾರ್ಚ್ ಬೇಕೇ ಬೇಕು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಕಚ್ಚಿದ ಕಾಲನ್ನು ಅಲುಗಾಡಿಸದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108.

ಕಾಡಿನಲ್ಲಿ ಕುಂಕುಮ ಹಚ್ಚಿದ ಕಲ್ಲುಗಳಿವೆ. ಅದೇನು?

ಚೌಡಿ ಬನ. ಚಪ್ಪಲಿ ಕಳಚದೆ ಒಳಗೆ ಹೋಗಬೇಡಿ, ಅಲ್ಲಿಯ ಕಡ್ಡಿಯನ್ನೂ ಮುರಿಯಬೇಡಿ. ಸುತ್ತ ಎಲ್ಲೂ ಇಲ್ಲದಷ್ಟು ದಪ್ಪ ಮರಗಳು ಅಲ್ಲಿ ಮಾತ್ರ ಏಕೆ ಉಳಿದಿವೆ ಎಂಬುದಕ್ಕೆ ಉತ್ತರವೂ ಅದೇ. ಕೊಡಲಿ ಹಿಡಿದವರಿಗೆ ಅರಣ್ಯ ಇಲಾಖೆಗಿಂತ ಚೌಡಮ್ಮನ ಭಯ ಹೆಚ್ಚು.

ಹಕ್ಕಿ ನೋಡುವವರಿಗೆ?

ನಾಲೆಯ ತಂತಿಯ ಮೇಲೆ ಮಿಂಚುಳ್ಳಿ, ಸೇತುವೆಯ ಬಳಿ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ, ಗದ್ದೆಯಲ್ಲಿ ಗದರಿಸುವ ಟಿಟ್ಟಿಭ, ಬಿದಿರಿನಲ್ಲಿ ಗೂಢವಾಗಿ ಕೂಗುವ ಕೆಂಬೂತ. ಕಾಡಿನಲ್ಲಿ ಮಂಗಟ್ಟೆಯ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ ಕಾಣುತ್ತದೆ. ಮಳೆಗಾಲದಲ್ಲಿ ಬಂದವರು ಮುಂದೆ ಮಂಡಗದ್ದೆಗೂ ಹೋಗಿ. ಶಿವಮೊಗ್ಗದಿಂದ 30 ಕಿಲೋಮೀಟರ್, ಇದೇ ರಸ್ತೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಒತ್ತೊತ್ತಾಗಿ ಗೂಡು ಕಟ್ಟಿರುತ್ತವೆ.

ಮಕ್ಕಳು, ವಯಸ್ಸಾದವರು ನಡೆಯಬಹುದೇ?

ನಡೆಯಬಹುದು. ಮಂಡಿನೋವಿನವರು ಗದ್ದೆಯಂಚು ಬಿಟ್ಟು ಏರಿಯಲ್ಲೇ ಹೋಗಿ ಬರಲಿ, ಸಮತಟ್ಟು ದಾರಿ. ಮಕ್ಕಳಿಗೆ ಒಂದು ಆಟ: ಸೇತುವೆಯ ಮೇಲಿಂದ ತೇಗದ ಎಲೆಯೊಂದನ್ನು ನಾಲೆಗೆ ಬಿಟ್ಟು ಅದರ ಜೊತೆ ನಡೆಯಲಿ. ಎಲೆ ಗೆಲ್ಲುತ್ತದೆಯೋ ಅವರೋ ಎಂಬುದರ ಮೇಲೆ ಆ ದಿನ ನೀರು ಎಷ್ಟು ಬಿಟ್ಟಿದ್ದಾರೆಂದು ನಾನು ಮನೆಯಲ್ಲೇ ಕೂತು ಹೇಳುತ್ತೇನೆ. ಆಡುವಾಗ ನೀರಿನ ಬದಿಗೆ ದೊಡ್ಡವರು, ಒಳಬದಿಗೆ ಮಕ್ಕಳು.

ಏರಿಯ ಮೇಲೆ ಕಾರು ಹೋಗುತ್ತದೆಯಲ್ಲ?

ಹೋಗುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಒಂದು ಕಿಲೋಮೀಟರ್ ಓಡಿಸಲು ಬರುವವರು ಮಾತ್ರ ತನ್ನಿ.

ನಾಟಿ ಮಾಡುವವರ ಫೋಟೊ ತೆಗೆಯಬಹುದೇ?

ಕೇಳಿ ತೆಗೆಯಿರಿ. ಬೆನ್ನು ಬಗ್ಗಿಸಿ ಕೆಲಸ ಮಾಡುವ ಹೆಂಗಸರನ್ನು ಹಿಂದಿನಿಂದ ತೆಗೆದು ಮೊಬೈಲಿನಲ್ಲಿ ಹಾಕಿಕೊಳ್ಳುವವರ ಮೇಲೆ ಅವರಿಗೆ ಸಿಟ್ಟಿದೆ, ಅದು ನ್ಯಾಯವೂ ಹೌದು. ಕೇಳಿದರೆ ತಾವೇ ಕರೆಯುತ್ತಾರೆ, "ಬಾ ತಂಗಿ, ನೀನೂ ಒಂದು ಸಾಲು ನೆಡು" ಎಂದು ಅಗೆಯ ಹಿಡಿ ಕೊಡುತ್ತಾರೆ. ನೀವು ನೆಟ್ಟದ್ದನ್ನು ನೀವು ಹೋದ ಮೇಲೆ ಕಿತ್ತು ಸರಿಯಾಗಿ ನೆಡುತ್ತಾರೆ, ಬೇಜಾರು ಬೇಡ.

ದಾರಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ತೂಬಿನ ಹತ್ತಿರ ಕೂತಿರುವವರು ಯಾರು?

ಸೌಡಿ. ನಾಲೆಯ ನೀರು ಯಾರಿಗೆ ಯಾವಾಗ ಎಂದು ನೋಡಿಕೊಳ್ಳುವವರು. ಕೆರೆಯ ಕಾಲದ ನೀರುಗಂಟಿಯ ಕೆಲಸವೇ ಇದು. ಮೇಲಿನವರು ಹೆಚ್ಚು ತಿರುಗಿಸಿಕೊಂಡರೆ ಕೆಳಗಿನವರು ಬೈಯುವುದು ಇವರನ್ನು, ಕೆಳಗಿನವರಿಗೆ ಬಿಟ್ಟರೆ ಮೇಲಿನವರು ಬೈಯುವುದೂ ಇವರನ್ನೇ. ನಮಸ್ಕಾರ ಹೇಳಿ ಎರಡು ಮಾತು ಕೇಳಿ ನೋಡಿ. ಈ ನೀರು ಗಾಜನೂರಿನಿಂದ ಯಾವ ಊರಿನ ಯಾವ ಗದ್ದೆಯವರೆಗೆ ಹೋಗುತ್ತದೆ, ಯಾರ ಮನೆಯ ಅಣ್ಣತಮ್ಮಂದಿರು ತೂಬಿನ ವಿಷಯಕ್ಕೆ ಮಾತು ಬಿಟ್ಟಿದ್ದಾರೆ ಎಲ್ಲ ಗೊತ್ತು ಅವರಿಗೆ. ತೂಬಿನ ಚಕ್ರವನ್ನು ಮಾತ್ರ ಮುಟ್ಟಬೇಡಿ. ಕುತೂಹಲಕ್ಕೆ ನೀವು ಅರ್ಧ ಸುತ್ತು ತಿರುಗಿಸಿದ್ದು ರಾತ್ರಿ ಎರಡು ಗಂಟೆಗೆ ಯಾರದೋ ಸರದಿಯ ನೀರು.

ಬಸ್ಸಿದೆಯೇ?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಖಾಸಗಿ ಬಸ್ಸುಗಳೂ ಸರ್ಕಾರಿ ಬಸ್ಸುಗಳೂ ಇವೆ. ಮಹಿಳೆಯರಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸು ಹತ್ತಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗುತ್ತಾರೆ. ತಡೆರಹಿತ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲುವುದಿಲ್ಲ, ಹತ್ತುವಾಗಲೇ ಕೇಳಿ.

ಊಟ, ತಿಂಡಿ?

ಕ್ರಾಸಿನಲ್ಲಿ ಒಂದೇ ಅಂಗಡಿ. ಬೆಳಗ್ಗೆ ಆರಕ್ಕೆ ಚಹಾ, ಏಳಕ್ಕೆ ಅವಲಕ್ಕಿ, ಕೆಲವು ದಿನ ಕಡುಬು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಅಂಗಡಿಯಮ್ಮ ಮಲಗಿರುತ್ತಾರೆ, ಬಾಗಿಲು ತೆರೆದೇ ಇರುತ್ತದೆ. ಬಾಳೆಹಣ್ಣು ಬೇಕಾದರೆ ಗೊನೆಯಿಂದ ಕಿತ್ತುಕೊಂಡು ದುಡ್ಡನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು ಹೋಗಿ. ಚಿಲ್ಲರೆ ತನ್ನಿ.